ಕೂಸಿನ ಕಾಡಿಗೆ

ಗಡಹಿಂಗ್ಲಜ
12 ಡಿಸೆಂಬರ್ 2023

ಅವ್ವನಿಗೆ,

ನಮಸ್ಕಾರ ಎಂದು ಬರೆಯಲು ಕೈ ಏಳಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ದಿನಾ ಫೋನ್ ಮಾಡುವುದನ್ನು ನಿಲ್ಲಿಸು. ನಿನ್ನ ಹೆಸರು ಫೋನಿನಲ್ಲಿ ಮೂಡಿದ ಕೂಡಲೇ ನಮ್ಮತ್ತೆ ಯಮುನವ್ವ ಅಡುಗೆಮನೆಯಿಂದ ಕಿವಿ ಚಾಚುತ್ತಾರೆ. ನಾನು ಆಡಿದ ಮಾತೆಲ್ಲ ಸಂಜೆ ಊಟದ ಹೊತ್ತಿಗೆ ನನ್ನ ಗಂಡನ ತಾಟಿನ ಮುಂದೆ ಬಂದು ಕೂರುತ್ತದೆ. ಹೇಳುವುದಿದ್ದರೆ ಕಾಗದ ಬರೆ. ಈ ಮನೆಯವರೆಲ್ಲ ಕನ್ನಡ ಮಾತಾಡುತ್ತಾರೆ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಓದಲು ನನ್ನ ಹೊರತು ಯಾರಿಗೂ ಬರುವುದಿಲ್ಲ. ನೀನು ಕಲಿಸಿದ ಅಕ್ಷರ ಇದೊಂದಕ್ಕಾದರೂ ಉಪಯೋಗಕ್ಕೆ ಬಂತು.

ಕೂಸು ಸಾಕ್ಷಿಯನ್ನು ಆಸ್ಪತ್ರೆಯಿಂದ ನೇರ ಇಲ್ಲಿಗೇ ಕರೆತಂದೆವು. ನನ್ನ ಬಾಣಂತನ ನಿನ್ನ ಮನೆಯಲ್ಲಿ ಆದದ್ದು ಸಾಕು. ಕೂಸಿನ ಬಲಗಣ್ಣಿನ ರೆಪ್ಪೆ ಊದಿ, ಕಣ್ಣು ಮುಚ್ಚಿಹೋಗಿ, ಜ್ವರ ಏರಿದ್ದನ್ನು ನೀನೂ ಕಂಡಿದ್ದೀಯ. ಕೊಲ್ಹಾಪುರದಲ್ಲಿ ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚಿ ಔಷಧಿ ಏರಿಸಿದ್ದನ್ನು ಮಾತ್ರ ನೀನು ಕಾಣಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಸೋಂಕು ಕಣ್ಣಿನ ಹಿಂದಕ್ಕೆ ಹೋಗುತ್ತಿತ್ತು ಎಂದರು ಡಾಕ್ಟರು. ಆಮೇಲೆ ಕೇಳಿದರು, "ಘರಾತ ಕುಣಾಲಾ ರಾಂಜಣವಾಡಿ ಝಾಲಿ ಹೋತಿ ಕಾ?" ಮನೆಯಲ್ಲಿ ಯಾರಿಗಾದರೂ ಕಣ್ಣುಕುಟಿಗೆ ಎದ್ದಿತ್ತೇ ಎಂದು. ಅತ್ತೆ ನನ್ನ ಮುಖ ನೋಡಿದರು. ನನಗೆ ನಿನ್ನ ಬೆರಳು ನೆನಪಾಯಿತು.

ಶ್ರಾವಣದಿಂದ ನಿನ್ನ ರೆಪ್ಪೆಯ ಮೇಲೆ ಕುಟಿಗೆ ಕೂತಿದೆ. ಕೂಸು ಹುಟ್ಟಿದ ಐದನೆಯ ದಿನದ ಪೂಜೆಯಿಂದ ಹಿಡಿದು ನೀನು ದಿನಾ ಬೆಳಿಗ್ಗೆ ಕಾಡಿಗೆಯನ್ನು ಮೊದಲು ಆ ಕಣ್ಣಿಗೆ ಹಚ್ಚಿಕೊಂಡು, ಅದೇ ಬೆರಳನ್ನು ಕೂಸಿನ ಕಣ್ಣಿಗೆ ಎಳೆಯುತ್ತಿದ್ದೆ. ನಾನು ಹೊರಸಿನ ಮೇಲೆ ಮಲಗಿ ನೋಡುತ್ತಿದ್ದೆ. ನೋಡುತ್ತಾ ನಗುತ್ತಿದ್ದೆ, ಹುಚ್ಚಿ.

ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ, ಇನ್ನಾದರೂ ತಿಳಿದುಕೋ. ರೆಪ್ಪೆಗೂದಲಿನ ಬುಡದಲ್ಲಿ ಸಣ್ಣ ಎಣ್ಣೆಚೀಲಗಳಿರುತ್ತವೆ. ಅವುಗಳ ಬಾಯಿ ಕಟ್ಟಿ, ಕೊಳೆ ಸೇರಿ, ಕೀವು ತುಂಬಿದರೆ ಅದೇ ಕುಟಿಗೆ. ಕೆಂಪಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಬಿಸಿನೀರಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಡಬೇಕು, ದಿನಕ್ಕೆ ಮೂರು ನಾಲ್ಕು ಸಲ. ಹಿಚುಕಬಾರದು. ಕಾಡಿಗೆ ಹಚ್ಚಬಾರದು. ಟವೆಲ್ ಬೇರೆ ಇಡಬೇಕು, ಕೈ ಸಾಬೂನಿನಿಂದ ತೊಳೆಯಬೇಕು. ಅಷ್ಟು ಮಾಡಿದರೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ.

ನಿನ್ನ ರೆಪ್ಪೆ ಪೂರಾ ಶುಭ್ರವಾಗುವವರೆಗೆ ನನ್ನ ಮಗಳ ಹತ್ತಿರ ಬರಬೇಡ.

ಸಾಕ್ಷಿಯ ತಾಯಿ,
ದೀಪಾಲಿ

*

ಇಚಲಕರಂಜಿ
19 ಡಿಸೆಂಬರ್ 2023

ಸಾಕ್ಷಿಯ ತಾಯಿಗೆ,

ಹಾಗೆ ಸಹಿ ಮಾಡಿದ್ದೀಯಲ್ಲ, ಹಾಗೇ ಕರೆಯುತ್ತೇನೆ. ರಬಕವಿಯ ಶಾಲೆಯಲ್ಲಿ ನಮ್ಮ ಗುರುಗಳು ಕಾಗದ ಅಂದರೆ ಪುಸ್ತಕದ ಭಾಷೆಯಲ್ಲಿ ಬರೆಯಬೇಕು ಎಂದು ಕಿವಿ ಹಿಂಡಿ ಕಲಿಸಿದ್ದರು. ಏಳನೆಯ ಇಯತ್ತೆಯ ಮೇಲೆ ನಾನು ಕಲಿತಿಲ್ಲ, ಆದರೆ ಕಲಿತಷ್ಟನ್ನು ಮರೆತಿಲ್ಲ. ಸಿಟ್ಟು ಬಂದಲ್ಲಿ ನನ್ನ ಮಾತು ತಾನೇ ನುಗ್ಗುತ್ತದೆ, ಸಹಿಸಿಕೋ.

ಕಾಡಿಗೆಯನ್ನು ಮೊದಲು ಯಾಕೆ ನನ್ನ ಕಣ್ಣಿಗೆ ಹಚ್ಚಿಕೊಂಡೆ ಎಂದು ನೀನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮನೆಯಲ್ಲಿ ಹರಳೆಣ್ಣೆಯ ದೀಪಕ್ಕೆ ತಾಮ್ರದ ತಾಟು ಬೋರಲು ಹಾಕಿ ಹಿಡಿದ ಮಸಿ ಅದು. ಒಂದೊಂದು ಸಲ ಉರಿಯುತ್ತದೆ. ಕೂಸಿಗೆ ಬಾಯಿಲ್ಲ. ಅದಕ್ಕೆ ದೊಡ್ಡವರು ಮೊದಲು ತಮ್ಮ ಕಣ್ಣಿಗೆ ಹಚ್ಚಿಕೊಂಡು, ಉರಿಯದಿದ್ದರೆ ಕೂಸಿಗೆ ಹಚ್ಚುವುದು. ನಮ್ಮವ್ವ ನಿನಗೂ ನಿನ್ನ ತಮ್ಮ ಯುವರಾಜನಿಗೂ ಹಾಗೇ ಹಚ್ಚಿದಳು. ಉರಿದರೆ ನನಗೆ ಉರಿಯಲಿ ಎಂದು ಮಾಡಿದ್ದು ವಿಷ ಆಗುತ್ತದೆ ಎಂದು ನನಗೆ ಯಾರು ಹೇಳಿದ್ದರು?

ನನ್ನ ಕೈ ಕಡದು ಒಗದ್ರ ನಿಮ್ಮತ್ತಿಗೆ ಸಮಾಧಾನ ಆಕ್ಕೈತೇನು? ಹೇಳಿಬಿಡು, ಒಗೀತೇನಿ. ಹೆತ್ತ ಮಗಳು ನನ್ನನ್ನ ಹಡಸಲಿ ನಾಯಿಗತೆ ಬಾಗಲದಾಗ ನಿಲ್ಲಸಾಕತ್ತಾಳ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಕಾಡಿಗೆಯ ಡಬ್ಬಿಯನ್ನು ಕಸದ ಗಾಡಿಗೆ ಹಾಕಿದೆ. ನೀನು ಹೇಳಿದಂತೆ ಬಟ್ಟೆ ಬೇರೆ ಮಾಡಿದ್ದೇನೆ, ಬಿಸಿ ಇಡುತ್ತಿದ್ದೇನೆ. ಎರಡು ವಾರ ಅಂದಿದ್ದೀಯ. ಸಂಕ್ರಾಂತಿಗೆ ಕೂಸನ್ನು ಎತ್ತಿಕೊಳ್ಳಲು ಬರುತ್ತೇನೆ. ಅದರ ಮೈಯ ವಾಸನೆ ಇನ್ನೂ ನನ್ನ ಸೀರೆಯಲ್ಲಿದೆ, ಆ ಸೀರೆ ಒಗೆದಿಲ್ಲ. ಅದನ್ನೂ ಕೊಳಕು ಅನ್ನು.

ನಿನ್ನನ್ನು ಹೆತ್ತವಳು,
ಅಕ್ಕವ್ವ

*

ಗಡಹಿಂಗ್ಲಜ
22 ಜನವರಿ 2024

ಅವ್ವನಿಗೆ,

ನೀನು ಬಾರದೆ ಯುವರಾಜನ ಕೈಯಲ್ಲಿ ಕಳಿಸಿದ ಸಕ್ಕರೆ ಆಭರಣದ ಡಬ್ಬಿ ಅವನ ಕೈಯಲ್ಲೇ ವಾಪಸು ಬಂದಿರಬೇಕು. ಸಂಕ್ರಾಂತಿಗೆ ಕೂಸಿಗೆ ಕುಸುರೆಳ್ಳಿನ ಹಾರ, ಕಿರೀಟ ತೊಡಿಸಿ ಬೋರೆಹಣ್ಣು ಎರೆಯುವುದು ನನಗೂ ಗೊತ್ತು. ಕೂತು ಪೋಣಿಸಿ ಮಾಡಿರುತ್ತೀ, ಅದೂ ಗೊತ್ತು. ಅತ್ತೆ ಹೊಸ್ತಿಲಲ್ಲೇ ತಡೆದರು. "ಆ ಕೈಲೆ ಮಾಡಿದ್ದು ಕೂಸಿನ ಮೈಮ್ಯಾಲ ಬ್ಯಾಡಪಾ, ಹೊಳ್ಳಿ ಒಯ್ಯಿ" ಎಂದರು. ನಾನು ಒಳಗೆ ಇದ್ದೆ. ನಾನೂ ಬೇಡ ಎಂದೇ ಅಂದೆ. ಅತ್ತೆಯ ಹೆಸರು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

ಯುವರಾಜ ಹೇಳಿದ, ಗುಳ್ಳೆ ಇನ್ನೂ ಹೋಗಿಲ್ಲವಂತೆ. ಬಸುರಿಗೆ ಕೊಡದೆ ಮುಚ್ಚಿಟ್ಟು ತಿಂದವರಿಗೆ ಕಣ್ಣುಕುಟಿಗೆ ಏಳುತ್ತದೆ ಎಂದು ಅತ್ತೆ ಓಣಿಯವರ ಮುಂದೆಲ್ಲ ಹೇಳುತ್ತಿದ್ದಾರೆ. ಬಸುರಿ ಅಂದರೆ ನಾನು, ತಿಂದವಳು ನೀನು. ನಾನು ಅದನ್ನು ನಂಬುವುದಿಲ್ಲ. ಆದರೆ ಅವರ ಬಾಯಿ ಮುಚ್ಚಿಸಲು ನಿನ್ನ ರೆಪ್ಪೆ ನನಗೆ ಸಹಾಯ ಮಾಡುತ್ತಿಲ್ಲ.

ದೀಪಾಲಿ

*

ಇಚಲಕರಂಜಿ
18 ಫೆಬ್ರುವರಿ 2024

ದೀಪಾಲಿಗೆ,

ವಾಪಸು ಬಂದ ಆಭರಣವನ್ನು ನಾಗೂಬಾಯಿಯ ಮೊಮ್ಮಕ್ಕಳಿಗೆ ಕೊಟ್ಟೆ. ಕಿರೀಟ ಕಟಕಟ ಕಡಿದು ತಿಂದವು. ನಾಗೂಬಾಯಿ ಗೊತ್ತಲ್ಲ, ಮಗ್ಗದ ಖೋಲಿಯಲ್ಲಿ ನನ್ನ ಪಕ್ಕದಲ್ಲಿ ಕಾಂಡಿಯ ಕೊಳವೆಗೆ ನೂಲು ಸುತ್ತುವವಳು. ಮಧ್ಯಾಹ್ನ ಎಲ್ಲರೂ ರೊಟ್ಟಿ ಬಿಚ್ಚಿದಾಗ ನಾನು ಚಹಾದ ಸ್ಟೋವಿನ ಮೇಲೆ ನೀರು ಕಾಸಿ ಕಣ್ಣಿಗೆ ಬಟ್ಟೆ ಇಟ್ಟು ಕೂರುತ್ತೇನೆ. ಅವಳು ನೋಡಿ ನೋಡಿ, "ಅಕ್ಕವ್ವಾ, ಹೀ ರಾಂಜಣವಾಡಿ ನ್ಹಾಯ, ಹ್ಯೊ ತುಜ್ಯಾ ಲೇಕೀಚಾ ರಾಗ ಹಾಯ" ಎಂದಳು. ಇದು ಕುಟಿಗೆ ಅಲ್ಲ, ನಿನ್ನ ಮಗಳ ಸಿಟ್ಟು ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಳುವುದಕ್ಕೆ ಅಲ್ಲಿ ಜಾಗ ಎಲ್ಲಿದೆ, ನಾಲ್ಕೂ ಕಡೆ ಮಗ್ಗ.

ನಿಮ್ಮತ್ತೆಗೆ ಹೇಳು, ನಿನ್ನ ಬಯಕೆಯ ದಿನಗಳಲ್ಲಿ ನೀನು ಹುಣಸೆ ಚಿಗುರು ಕೇಳಿದೆ ಎಂದು ಸುಳಕೂಡದ ತನಕ ಬಸ್ಸಿಗೆ ಹೋಗಿ ಬಂದವಳು ನಾನು. ನಿನಗೆ ಮುಚ್ಚಿಟ್ಟು ತಿನ್ನಲು ನಮ್ಮ ಮನೆಯಲ್ಲಿ ಅಂಥದ್ದು ಏನಿತ್ತು? ಬಾಯಿಗೆ ಬಂದದ್ದು ಆಡುತ್ತಾರೆ, ನೀನು ಕಿವಿ ತೆರೆದು ಕೇಳುತ್ತೀ.

ಈಗ ಒಂದು ಮಾತು, ಸಿಟ್ಟು ಬದಿಗಿಟ್ಟು ಓದು. ಗುಳ್ಳೆ ನಡುವೆ ಸ್ವಲ್ಪ ತಗ್ಗಿತ್ತು, ಮತ್ತೆ ಅದೇ ಜಾಗದಲ್ಲಿ ಎದ್ದಿದೆ. ತೊಗರಿಕಾಳಿನಂತೆ ಗಟ್ಟಿ, ಮೇಲೆ ಹಳದಿ ಛಾಯೆ. ಕುಟಿಗೆ ನೋಯುತ್ತದೆ ಎಂದು ಬರೆದಿದ್ದೆಯಲ್ಲ, ಇದು ಒಂದಿಷ್ಟೂ ನೋಯುವುದಿಲ್ಲ. ಅಲ್ಲಿಯ ರೆಪ್ಪೆಗೂದಲು ಉದುರಿ ಬೋಳಾಗಿದೆ. ಕೂಸನ್ನು ಡಾಕ್ಟರಿಗೆ ತೋರಿಸಲು ಹೋದಾಗ ಇದನ್ನೊಂದು ಕೇಳು. ಹೆಸರು ಹೇಳಬೇಡ, ಯಾರೋ ಒಬ್ಬ ಮುದುಕಿಗೆ ಅನ್ನು.

ನಾನೇ ಹೋಗಬಹುದಿತ್ತು. ಅವರ ಮುಂದೆ ಕೂತು "ಯಾಕ ಅಜ್ಜಿ, ತೊಳಕೊಳ್ಳೂದಿಲ್ಲೇನು?" ಎಂದು ಕೇಳಿಸಿಕೊಳ್ಳಲು ಧೈರ್ಯ ಇಲ್ಲ. ಮಗಳ ಬಾಯಿಂದ ಕೇಳಿದ್ದೇ ಹೊಟ್ಟೆಯಲ್ಲಿ ಕರಗಿಲ್ಲ.

ಅವ್ವ

*

ಗಡಹಿಂಗ್ಲಜ
11 ಮಾರ್ಚ್ 2024

ಅವ್ವನಿಗೆ,

ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಸಾಕ್ಷಿಯ ಕಣ್ಣು ಪೂರಾ ಚೆನ್ನಾಗಿದೆ, ಕಲೆ ಕೂಡ ಉಳಿದಿಲ್ಲ. ನಿನ್ನ ಮಾತು ನಾನು ಅಲ್ಲಿ ತೆಗೆಯಲಿಲ್ಲ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಅವರ ಮುಂದೆ "ನಮ್ಮವ್ವಗ ಇನ್ನೂ ಹೋಗಿಲ್ಲ" ಎಂದು ನಾನು ಯಾಕೆ ಹೇಳಲಿ?

ಅದರಲ್ಲಿ ಕೇಳುವುದಾದರೂ ಏನಿದೆ? ಹತ್ತಿಯ ಧೂಳಿನಲ್ಲಿ ದಿನವಿಡೀ ಕೂರುತ್ತೀ, ಅದೇ ಕೈ, ಅದೇ ಸೆರಗು, ಸೆರಗಿನಿಂದಲೇ ಕಣ್ಣು ಒರೆಸುತ್ತೀ. ನಾನು ಸಣ್ಣವಳಿದ್ದಾಗಿಂದ ನೋಡಿಲ್ಲವೇ? ಸರಿಯಾಗಿ ತೊಳೆದರೆ ಹೋಗುತ್ತದೆ, ತೊಳೆಯದಿದ್ದರೆ ಮತ್ತೆ ಏಳುತ್ತದೆ. ಮೂರು ತಿಂಗಳಾದರೂ ಹೋಗಿಲ್ಲ ಎಂದರೆ ನೀನು ಡಾಕ್ಟರು ಹೇಳಿದಂತೆ ಮಾಡುತ್ತಿಲ್ಲ ಎಂದೇ ಅರ್ಥ.

ಸಾಕ್ಷಿ ಬೋರಲು ಬೀಳುತ್ತಾಳೆ. ಗುರುತಿನವರನ್ನು ಕಂಡರೆ ನಗುತ್ತಾಳೆ.

ದೀಪಾಲಿ

*

ಇಚಲಕರಂಜಿ
5 ಮೇ 2024

ದೀಪಾಲಿಗೆ,

ಗುಳ್ಳೆ ಹೋಯಿತು. ಪೂರಾ ಹೋಯಿತು.

ಕೂಸಿನ ಕಿವಿ ಚುಚ್ಚಿಸುತ್ತೀರಿ ಎಂದು ಯುವರಾಜ ಹೇಳಿದ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದಲ್ಲವೇ, ಅವನ ಜೊತೆ ನಾನೂ ಬರುತ್ತೇನೆ. ಹುಪರಿಯಿಂದ ಬೆಳ್ಳಿಯ ಕಾಲ್ಗಡಗ ತರಿಸಿದ್ದೇನೆ, ಸಣ್ಣ ಗೆಜ್ಜೆಯದು. ಅದನ್ನು ನಾನು ಕೈಯಿಂದ ಮಾಡಿಲ್ಲ. ಬಿಸಿನೀರಲ್ಲಿ ಕುದಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಬೇಡ ಅನ್ನಬೇಡ.

ಅವ್ವ

*

ಗಡಹಿಂಗ್ಲಜ
27 ಮೇ 2024

ಅವ್ವನಿಗೆ,

ಇಷ್ಟು ದಿನ ನಿನ್ನನ್ನು ಕೊಳಕಿ ಅಂದಿದ್ದೆ, ಸುಳ್ಳಿ ಎಂದು ಅಂದಿರಲಿಲ್ಲ.

ಕಿವಿ ಚುಚ್ಚಿಸುವ ದಿನ, ಮೋತಿಬಿಂದಿನ ಪೊರೆ ತೆಗೆಸಿದವರ ಕಪ್ಪು ಚಾಳೀಸು ಹಾಕಿಕೊಂಡು, ಮದುವೆ ಮಂಟಪದಂತೆ ತುಂಬಿದ ಮನೆಗೆ ನೀನು ಬಂದೆ. ಏನಾಯಿತು ಎಂದವರಿಗೆ, "ಬಿಸಲಿಗೆ ಕಣ್ಣ ಉರಿತಾವ್ರಿ" ಎಂದೆ. ನಾನು ನಂಬಿದೆ. ನಾನೇ ಕೂಸನ್ನು ನಿನ್ನ ಕೈಗೆ ಕೊಡಲು ಬಂದೆ, ನೀನು ಬಾಗಿದೆ, ಕೂಸು ಚಾಳೀಸಿಗೇ ಕೈ ಹಾಕಿ ಕಿತ್ತಿತು. ಅವ್ವಾ, ಆ ಗುಳ್ಳೆ ತೊಗರಿಕಾಳಲ್ಲ, ಅಡಿಕೆಯಷ್ಟಾಗಿದೆ. ಕೆಂಪಗೆ ಒಡೆದು ಹಸಿಯಾಗಿದೆ. ಅದನ್ನು ಇಟ್ಟುಕೊಂಡು ಕೂಸಿನ ಕೆನ್ನೆಯ ತನಕ ಬಂದಿದ್ದೆ.

ಅತ್ತೆ ಕೂಸನ್ನು ಕಸಿದುಕೊಂಡು, "ಇಕಿ ಕೂಸಿನ ಜೀವಾ ತಗೊಂಡs ಹೊಕ್ಕಾಳ" ಎಂದು ಚೀರಿದರು. ನಿನ್ನ ಚಪ್ಪಲಿ ತಂದು ನಿನ್ನ ಕಾಲ ಮುಂದೆ ಇಟ್ಟವಳು ನಾನು. ಅದಕ್ಕೆ ನನಗೆ ಬೇಸರ ಇಲ್ಲ ಎಂದು ಬರೆಯಲು ಕೂತೆ. ಬೇಸರ ಇದೆ. ಆದರೂ ಮತ್ತೆ ಹಾಗೆ ಬಂದರೆ ಮತ್ತೆ ಇಡುತ್ತೇನೆ. ಒಂದು ಸಲ ಸೂಜಿ ಚುಚ್ಚಿಸಿಕೊಂಡ ಕೂಸು ಅದು, ನನ್ನದು.

ಕಾಲ್ಗಡಗ ತೊಡಿಸಿಲ್ಲ.

ದೀಪಾಲಿ

*

ಗೋಕುಳ ಶಿರಗಾಂವ
29 ಸೆಪ್ಟೆಂಬರ್ 2024

ಅಕ್ಕನಿಗೆ,

ನೀನು ನನ್ನ ನಂಬರನ್ನೂ ಬ್ಲಾಕ್ ಮಾಡಿದ್ದೀ, ಅದಕ್ಕೆ ಕಾಗದ. ನನ್ನ ಕನ್ನಡಕ್ಕೆ ನಗಬೇಡ. ಫೌಂಡ್ರಿಯ ಪಾಳಿ ಮುಗಿಸಿ ಬಂದು ಬರೆಯುತ್ತಿದ್ದೇನೆ.

ನಿನ್ನ ಮನೆಯಿಂದ ಬಂದ ಮೇಲೆ ಅವ್ವ ಬಿಸಿ ಬಟ್ಟೆ ಇನ್ನೂ ಹೆಚ್ಚು ಇಟ್ಟಳು. ಸೋಪು ಹಚ್ಚಿ ರೆಪ್ಪೆ ತಿಕ್ಕಿ ತಿಕ್ಕಿ ಕೆನ್ನೆಯ ಚರ್ಮ ಸುಲಿದಿತ್ತು. ಡಾಕ್ಟರಿಗೆ ನಡಿ ಅಂದರೆ, "ತೊಳದ್ರ ಹೊಕ್ಕೈತಿ ಅಂದಾಳ ನಿಮ್ಮಕ್ಕ" ಅನ್ನುತ್ತಿದ್ದಳು. ಗಣಪತಿ ಹಬ್ಬಕ್ಕೆ ಹೋದಾಗ ದಿಂಬಿನ ಮೇಲೆ ರಕ್ತ ನೋಡಿ ಜಗಳ ಮಾಡಿ ಕೊಲ್ಹಾಪುರದ ಆಸ್ಪತ್ರೆಗೆ ಕರೆದೊಯ್ದೆ. ಒಂದು ಚೂರು ಕತ್ತರಿಸಿ ತಪಾಸಣೆಗೆ ಕಳಿಸಿದರು. ನಿನ್ನೆ ಉತ್ತರ ಬಂತು.

ಅದು ಕುಟಿಗೆ ಅಲ್ಲ. ಯಾವತ್ತೂ ಆಗಿರಲಿಲ್ಲ. ರೆಪ್ಪೆಯ ಎಣ್ಣೆಚೀಲದಲ್ಲಿ ಹುಟ್ಟುವ ಕ್ಯಾನ್ಸರ್. ನೋಡಲು ಕುಟಿಗೆಯ ಹಾಗೇ ಇರುತ್ತದಂತೆ, ಬಹಳ ಜನ ಮೋಸ ಹೋಗುತ್ತಾರಂತೆ. ವಯಸ್ಸಾದವರಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ, ನೋವಿಲ್ಲದೆ ಗಟ್ಟಿಯಾದರೆ, ಅಲ್ಲಿಯ ಕೂದಲು ಉದುರಿದರೆ ತಡ ಮಾಡದೆ ತೋರಿಸಬೇಕಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಬಂದಿದ್ದರೆ ರೆಪ್ಪೆಯ ಒಂದು ತುಂಡು ತೆಗೆದು ಹೊಲಿಯುತ್ತಿದ್ದೆವು ಎಂದರು. ಈಗ ಒಳಗೆ ಇಳಿದಿದೆ. ಕಣ್ಣನ್ನೇ ತೆಗೆಯಬೇಕು.

ಇದನ್ನೆಲ್ಲ ಕೇಳಿ ಅವ್ವ ಡಾಕ್ಟರಿಗೆ ಕೇಳಿದ್ದು ಒಂದೇ ಮಾತು, "ಇದು ಕೂಸಿಗೆ ಅಂಟತೈತೇನ್ರಿ?" ನಾನು ಮರಾಠಿಯಲ್ಲಿ ಕೇಳಿದೆ. ಅವರು, "ನಾಹೀ ಆಜಿ, ಹಾ ಕುಣಾಲಾಚ ಲಾಗತ ನಾಹೀ" ಎಂದರು. ಯಾರಿಗೂ ಅಂಟುವುದಿಲ್ಲ ಅಂತ. ಹಾಗಾದರೆ ಕೂಸಿಗೆ ಆದದ್ದು ಎಲ್ಲಿಂದ ಎಂದು ನಾನು ಕೇಳಿದೆ. ಉಗುರಿನ ಗೀರು ಇರಬಹುದು, ಸೊಳ್ಳೆ ಕಡಿದದ್ದು ಇರಬಹುದು, ನೆಗಡಿ ಇರಬಹುದು, ಕಾಡಿಗೆಯ ಮಸಿಯೂ ಇರಬಹುದು, ಈಗ ಯಾರೂ ಹೇಳಲಾರರು, ಆದರೆ ಈ ಗಂಟಿನಿಂದ ಅಲ್ಲ ಎಂದರು. ಅವ್ವ ನಕ್ಕುಬಿಟ್ಟಳು ಅಕ್ಕಾ. ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು.

ನಿಮ್ಮತ್ತೆಗೆ ಹೇಳಿಬಿಡು, ಕೂಸಿನ ಜೀವ ತೆಗೆಯುವಂಥದ್ದು ಅವ್ವನ ಹತ್ತಿರ ಏನೂ ಇರಲಿಲ್ಲ.

ಯುವರಾಜ

*

ಗಡಹಿಂಗ್ಲಜ
3 ಅಕ್ಟೋಬರ್ 2024

ಅವ್ವಾ,

ಏನು ಬರೆಯಲಿ. ನಾಲ್ಕು ಹಾಳೆ ಹರಿದೆ.

ನೀನು ಕೇಳು ಎಂದಿದ್ದೆ. ಗಟ್ಟಿಯಾಗಿದೆ, ನೋಯುವುದಿಲ್ಲ, ಕೂದಲು ಉದುರಿದೆ ಎಂದು ಒಂದೊಂದೂ ಬರೆದಿದ್ದೆ. ಡಾಕ್ಟರು ನನ್ನ ಎದುರಿಗೇ ಕೂತಿದ್ದರು, "ಇನ್ನೇನಾದರೂ ಕೇಳುವುದಿದೆಯೇ" ಎಂದೂ ಅಂದರು. ಇಲ್ಲ ಎಂದೆ. ಅತ್ತೆಯ ಮುಂದೆ ತಲೆ ತಗ್ಗಬಾರದು ಎಂದು ನಿನ್ನ ಕಣ್ಣು ಕಳೆದೆ. ನಿನ್ನ ಮೇಲೂ ಸಿಟ್ಟು ಬರುತ್ತದೆ. ನನ್ನ ಮಾತನ್ನು ಅಷ್ಟು ಯಾಕೆ ನಂಬಿದೆ? ಮಗಳು ಬಾಯಿಗೆ ಬಂದದ್ದು ಆಡಿದರೆ ಕಪಾಳಕ್ಕೆ ಎರಡು ಬಿಗಿದು ಆಸ್ಪತ್ರೆಗೆ ನಡೆಯಬಾರದಿತ್ತೇ? ನೋಡು, ಈಗಲೂ ನಿನ್ನನ್ನೇ ಬೈಯುತ್ತಿದ್ದೇನೆ.

ಆಪರೇಶನ್ ಆದ ಮೇಲೆ ಸಾಕ್ಷಿಯನ್ನು ಕರೆದುಕೊಂಡು ಬರುತ್ತೇನೆ. ಅತ್ತೆಗೆ ಹೇಳಿಯೇ ಬರುತ್ತೇನೆ. ಅಲ್ಲಿಂದ ನೀನು ನಮ್ಮ ಮನೆಗೆ ಬಾ, ನನ್ನ ಹತ್ತಿರ ಇರು. ಕೂಸು ದಿನವಿಡೀ ನಿನ್ನ ತೊಡೆಯ ಮೇಲೇ ಇರಲಿ. ನನ್ನನ್ನು ಕ್ಷಮಿಸು.

ನಿನ್ನ ದೀಪಾ

*

ಇಚಲಕರಂಜಿ
24 ನವೆಂಬರ್ 2024

ದೀಪಾಲಿಗೆ,

ಒಂದು ಕಣ್ಣಿನಿಂದ ಬರೆಯುವುದು ರೂಢಿಯಾಗಬೇಕು, ಸಾಲು ಓರೆಯಾದರೆ ಓದಿಕೋ. ಯುವರಾಜ ಗೋಕುಳ ಶಿರಗಾಂವದ ಖೋಲಿ ಬಿಟ್ಟು ಇಲ್ಲಿಂದಲೇ ಕೆಲಸಕ್ಕೆ ಹೋಗಿ ಬರುತ್ತಾನೆ. ಕಾಂಡಿ ಸುತ್ತಲು ಹೋದರೆ ನೂಲಿನ ತುದಿ ಸಿಗುತ್ತಿಲ್ಲ, ಒಂದು ಬೊಗಸೆ ನೂಲು ಹಾಳು ಮಾಡಿ ಮನೆಗೆ ಬಂದೆ.

ನಿನ್ನ ಮನೆಗೆ ಬರುವುದಿಲ್ಲ. ನೀನು ಕರೆದದ್ದು ಮನಸ್ಸಿನಿಂದಲೇ ಎಂದು ಗೊತ್ತು. ಆದರೆ ನನ್ನ ಕಾಲಿಗೆ ನಿನ್ನ ಹೊಸ್ತಿಲು ಗೊತ್ತಿದೆ. ಕ್ಷಮಿಸು ಅಂದಿದ್ದೀ. ಅದು ನನ್ನ ಹತ್ತಿರ ಇನ್ನೂ ಬಂದಿಲ್ಲ. ಬಂದರೆ ಬರೆಯುತ್ತೇನೆ, ಸುಳ್ಳು ಹೇಳಲಾರೆ. ಗುಳ್ಳೆ ಹೋಯಿತು ಎಂದು ಒಂದು ಸಲ ಸುಳ್ಳು ಹೇಳಿ ಸಾಕಾಗಿದೆ.

ಆಪರೇಶನ್ ಆದ ಮೇಲೆ ನೀನು ಆಸ್ಪತ್ರೆಗೆ ಬಂದ ದಿನದ ಮಾತು ಹೇಳುತ್ತೇನೆ. ನೀನು ಯುವರಾಜನ ಮುಂದೆ, "ಅವ್ವ ನನ್ನನ್ನ ಅಳಸಾಕಂತನs ಹಂಗ ಕೇಳಿದ್ಲು" ಎಂದೆಯಂತೆ. ನೀನು ಸಾಕ್ಷಿಯನ್ನು ನನ್ನ ಕಾಟಿನ ಮೇಲೆ ಕೂರಿಸಿದೆ. ಮುಖಕ್ಕೆಲ್ಲ ಪಟ್ಟಿ ಕಟ್ಟಿದ್ದರೂ ಕೂಸು ಬೆದರಲಿಲ್ಲ. ನನ್ನ ಬಳೆ ಹಿಡಿಯಲು ತೆವಳಿ ಬಂತು. ನಾನು ಕೈ ಹಿಂದಕ್ಕೆ ಎಳೆದುಕೊಂಡು, "ಮುಟ್ಟಲೇನs?" ಎಂದು ನಿನ್ನನ್ನು ಕೇಳಿದೆ. ನನಗೆ ಸಿಟ್ಟಿದೆ, ಬೇಕಾದಷ್ಟಿದೆ, ಆದರೆ ಆ ಮಾತು ಸಿಟ್ಟಿನದಲ್ಲ. ನಾಗೂಬಾಯಿಯ ಮೊಮ್ಮಗು ಓಡಿ ಬಂದರೂ ನನ್ನ ಕೈ ಈಗ ಹಿಂದಕ್ಕೇ ಹೋಗುತ್ತದೆ. ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ತಲೆಗೆ ತಿಳಿದಿದೆ, ಕೈಗೆ ತಿಳಿದಿಲ್ಲ.

ನೀನು ಹೂಂ ಅನ್ನಲಿಲ್ಲ. ವಾರ್ಡಿಗೆಲ್ಲ ಕೇಳುವ ಹಾಗೆ ಬಾಯಿ ತೆಗೆದು ಅತ್ತುಬಿಟ್ಟೆ. ನಿನ್ನ ಅಳುವಿಗೆ ಕೂಸು ಹೆದರಿ ಚೀರಿತು, ನೀನು ಎತ್ತಿಕೊಂಡು ಹೊರಗೆ ಹೋದೆ, ಅಷ್ಟರಲ್ಲಿ ಭೇಟಿಯ ವೇಳೆ ಮುಗಿಯಿತು ಎಂದು ನರ್ಸು ಬಾಗಿಲು ಹಾಕಿದಳು. ಕೂಸನ್ನು ನಾನು ಅವತ್ತೂ ಮುಟ್ಟಲಿಲ್ಲ.

ಅವ್ವ